ನಮ್ಮವರನ್ನು ಎಬ್ಬಿಸಲು ತಂದ ಗಡಿಯಾರ

ನಮ್ಮವರ ನಿದ್ದೆ ಎಂಥದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಹೇಳುವ ಯಾವುದನ್ನೂ ನೀವು ನಂಬುವುದಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಲ ನರೇಗಲ್ಲಿನಲ್ಲಿ ಭಾರಿ ಗಾಳಿ ಎದ್ದು, ಪಕ್ಕದ ಮನೆಯ ತಗಡು ಹಾರಿ ನಮ್ಮ ಅಂಗಳಕ್ಕೆ ಬಿತ್ತು. ಓಣಿಯ ಮಂದಿಯೆಲ್ಲ ಎದ್ದು ಓಡಿ ಬಂದರು. ನನ್ನ ಗಂಡ ಮೆಹಬೂಬಸುಭಾನಿ ಮಾತ್ರ ಮಗ್ಗಲು ಬದಲಿಸಿ ಕೌದಿ ಎಳೆದುಕೊಂಡರು. ಬೆಳಿಗ್ಗೆ ಎದ್ದು ಅಂಗಳದಲ್ಲಿ ಬಿದ್ದಿದ್ದ ತಗಡು ನೋಡಿ, "ಇದನ್ನ ಯಾವಾಗ ಕೊಂಡು ತಂದಿ?" ಎಂದು ನನ್ನನ್ನೇ ಕೇಳಿದರು.

ಇಂಥ ಮನುಷ್ಯ ಮಾಡುವ ಉದ್ಯೋಗ ಹೋಟೆಲು. ನರೇಗಲ್ ಬಸ್‌ಸ್ಟ್ಯಾಂಡಿನ ಮಗ್ಗುಲಿಗೇ ನಮ್ಮ ಮನೆ. ಮುಂದಿನ ಖೋಲಿ ಹೋಟೆಲು, ಹಿಂದಿನ ಖೋಲಿಯಲ್ಲಿ ನಾವು. ರಾತ್ರಿ ಊರಲ್ಲಿ ನಿಂತ ಬಸ್ಸು ನಸುಕಿನಲ್ಲಿ ಹೊರಡುವ ಮೊದಲು ಅದರ ಡ್ರೈವರು, ಕಂಡಕ್ಟರು, ಗದಗಿಗೆ ಕಾಯಿಪಲ್ಲೆ ಒಯ್ಯುವವರು, ದವಾಖಾನೆಗೆ ಹೊರಟವರು ಎಲ್ಲರೂ ನಮ್ಮಲ್ಲಿ ಬಿಸಿ ವಡೆ ತಿಂದು ಚಹಾ ಕುಡಿದೇ ಹೊರಡಬೇಕು. ನಮ್ಮ ಬಾಗಿಲು ತೆರೆಯದಿದ್ದರೆ ಎದುರಿಗೆ ಮಾಲತೇಶನ ಹೋಟೆಲು ಇದ್ದೇ ಇದೆ. ನಾಲ್ಕು ದಿನ ತೆರೆಯದಿದ್ದರೆ ಗಿರಾಕಿಗಳು ಅವನ ಬೆಂಚಿಗೇ ಅಂಟಿಕೊಳ್ಳುತ್ತಾರೆ, ಕೈಕಾಲು ಹಿಡಿದರೂ ತಿರುಗಿ ಬರುವುದಿಲ್ಲ.

ವಡೆ ಮಾಡುವ ಕೈ ನಮ್ಮವರದು. ಅದರಲ್ಲಿ ಮಾತಿಲ್ಲ, ರೋಣದಿಂದ ಬಂದವರೂ ಹೊಗಳುತ್ತಾರೆ. ಆದರೆ ಆ ಕೈಯನ್ನು ಹಾಸಿಗೆಯಿಂದ ಎತ್ತಿ ಒಲೆಯ ಮುಂದೆ ತಂದು ನಿಲ್ಲಿಸುವ ಕೆಲಸ ನನ್ನದು. ಮೊದಲು ಹೆಸರು ಹಿಡಿಯದೆ ಕರೆಯುತ್ತೇನೆ, ಆಮೇಲೆ ಹೆಸರು ಹಿಡಿದೇ ಕರೆಯುತ್ತೇನೆ, ಕೌದಿ ಕಸಿಯುತ್ತೇನೆ, ಮುಖಕ್ಕೆ ನೀರು ಚಿಮುಕಿಸುತ್ತೇನೆ, ಕೊನೆಗೆ ಎರಡೂ ತೋಳು ಹಿಡಿದು ಎಬ್ಬಿಸಿ ಕೂರಿಸಿ ಕೈಗೆ ಬ್ರಶ್ ಕೊಡುತ್ತೇನೆ. ಇಷ್ಟಾದ ಮೇಲೆ ಕಣ್ಣು ತೆರೆದು, "ಇನ್ನಾ ಹೊತ್ತೈತಲ್ಲ?" ಎನ್ನುತ್ತಾರೆ. ಮೈಯೆಲ್ಲ ಉರಿದು ಹೋಗುತ್ತದೆ.

ಹೀಗಾಗಿ ಹೋಟೆಲು ಹಾಕಿದಾಗಿನಿಂದ ನಾನು ಪರ ಊರಲ್ಲಿ ಒಂದು ರಾತ್ರಿಯೂ ಉಳಿದವಳಲ್ಲ. ನರಗುಂದದಲ್ಲಿರುವ ನನ್ನ ತಂಗಿ ಬಿಸ್ಮಿಲ್ಲಾಳ ಲಗ್ನಕ್ಕೂ ಬೆಳಿಗ್ಗೆ ಹೋಗಿ ಸಂಜೆಗೆ ತಿರುಗಿ ಬಂದವಳು. ಈಗ ಅವಳ ಮಗಳು ಶಬನಮಳ ಲಗ್ನ ಗೊತ್ತಾಯಿತು. ಬಿಸ್ಮಿಲ್ಲಾ ಫೋನು ಮಾಡಿದಳು.

"ನನ್ನ ಲಗ್ನದಾಗ ಕೈಯಾಗಿನ ಮೆಹಂದಿ ಒಣಗೂದ್ರಾಗ ಬಸ್ ಹತ್ತಿದಿ. ಈ ಸಲ ಎಂಟು ದಿನ ಇರಬೇಕ ನೋಡಕ್ಕಾ. ಇರೂದಿಲ್ಲಾಂದ್ರ ಬರಾಕ ಹೋಗಬ್ಯಾಡ."

ತಂಗಿ ಹಾಗೆ ಮಾತಾಡಿದ್ದು ಅದೇ ಮೊದಲು. ಹೋಗಲೇಬೇಕು, ಎಂಟು ದಿನ ಇರಲೇಬೇಕು ಎಂದು ಅಲ್ಲಿಯೇ ಗಟ್ಟಿ ಮಾಡಿಕೊಂಡೆ. ಉಳಿದದ್ದು ಒಂದೇ ಪ್ರಶ್ನೆ: ಇವರನ್ನು ಎಬ್ಬಿಸುವವರು ಯಾರು? ಪಾತ್ರೆ ತಿಕ್ಕಿ ಹಿಟ್ಟು ರುಬ್ಬಿಕೊಡುವ ಹೊಳೆವ್ವ ಬರುವುದು ಬೆಳಕು ಹರಿದ ಮೇಲೆ. ಮೊಬೈಲಿನ ಅಲಾರಾಂ ಹಿಂದೆಯೇ ಹಚ್ಚಿ ನೋಡಿದ್ದೆವು. ಇವರು ನಿದ್ದೆಗಣ್ಣಿನಲ್ಲೇ ಅದನ್ನು ಕಿವಿಗಿಟ್ಟುಕೊಂಡು, "ಹಲೋ, ಆಮ್ಯಾಲ ಮಾಡ್ರಿ" ಎಂದು ದಿಂಬಿನ ಕೆಳಗೆ ತುರುಕಿದ್ದರು.

ಆಗ ನನಗೊಂದು ಹೊಳೆಯಿತು. ಇವರಿಗೆ ರೇಡಿಯೋ ಎಂದರೆ ಜೀವ. ಹೋಟೆಲಿನಲ್ಲಿ ದಿನವಿಡೀ ಹಾಡುತ್ತಿರುತ್ತದೆ, ಇವರೂ ಜೊತೆಗೆ ಒದರುತ್ತಿರುತ್ತಾರೆ. ಗಂಟೆಗೆ ಏಳದವರು ಹಾಡಿಗಾದರೂ ಎದ್ದಾರು. ಅಲಾರಾಮಿನ ಜಾಗದಲ್ಲಿ ರೇಡಿಯೋ ಹಚ್ಚುವ ಗಡಿಯಾರ ಸಿಗುತ್ತದಂತೆ ಎಂದು ಕೇಳಿದ್ದೆ. ಮೊಬೈಲಿನಲ್ಲೇ ತರಿಸಬಹುದಿತ್ತು, ಆದರೆ ದನಿ ಕೇಳದೆ ಅಲಾರಾಂ ಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಒಂದು ಮಧ್ಯಾಹ್ನ ಹೋಟೆಲನ್ನು ಹೊಳೆವ್ವನಿಗೆ ಒಪ್ಪಿಸಿ, ಇಬ್ಬರೂ ಗಜೇಂದ್ರಗಡದ ಬಸ್ಸು ಹತ್ತಿದೆವು.

ಅಲ್ಲಿನ ಗಡಿಯಾರದ ಅಂಗಡಿಯ ದುರಗೇಶ ನನ್ನ ತಲೆಯ ಮೇಲಿನ ಸೆರಗು ನೋಡಿ ಮೊದಲು ಒಂದು ಹಸಿರು ಗಡಿಯಾರ ಇಳಿಸಿದ.

"ಇದು ನೋಡ್ರಿ ಅಕ್ಕಾರ, ಐದೂ ಹೊತ್ತು ತಾನ ಆಜಾನ ಕೂಗತೈತಿ."

"ನಮ್ಮ ಮನಿ ಹಿಂದನ ಮಸೂತಿ ಐತಿ ತಮ್ಮಾ, ಮೈಕಿನ ಬಾಯಿ ನಮ್ಮ ಕಿಡಕಿ ಕಡೇನ ಐತಿ. ಅದಕ್ಕ ಏಳೂ ಮನಶಾ ಆಗಿದ್ರ ನಾ ಇಲ್ಲಿ ತನಕಾ ಯಾಕ ಬರ್ತಿದ್ದೆ?" ಎಂದೆ. ಇವರು ಸುಮ್ಮನೆ ಮೇಲಿನ ಫ್ಯಾನು ನೋಡುತ್ತ ನಿಂತರು.

ರೇಡಿಯೋ ಇರುವವು ಮೂರು ಬಗೆ ಬಂದಿದ್ದವು. ಒಂದಕ್ಕೆ ನೀಲಿ ಬೆಳಕು, ನೋಡಿದರೆ ದವಾಖಾನೆಯ ನೆನಪಾಗುತ್ತಿತ್ತು. ಇನ್ನೊಂದು ಚಾವಣಿಯ ಮೇಲೆ ಬೆಳಕಿನಲ್ಲಿ ಗಂಟೆಯ ಅಂಕಿ ಬೀಳಿಸುವುದು. ಇವರ ಕಣ್ಣು ಅದರ ಮೇಲೇ.

"ಮಲಕೊಂಡಲ್ಲೇ ಟೈಮ್ ನೋಡಬೋದು, ಇದನ್ನ ತಗೊಳ್ಳೂಣು."

"ಮಲಕೊಂಡು ನೋಡೂ ಗಡಿಯಾರ ನಮಗ ಬ್ಯಾಡ," ಎಂದೆ. "ಎದ್ದು ನೋಡೂದು ಬೇಕು."

ಮೂರನೆಯದು ಕರ್ರಗಿನ, ಇಟ್ಟಂಗಿಯಷ್ಟು ದಪ್ಪದ್ದು. ಅಂಗೈಯಗಲದ ಕೆಂಪು ಅಂಕಿಗಳು. ನೆತ್ತಿಯ ಮೇಲೆ ಒಂದು ಉದ್ದನೆಯ ಗುಂಡಿ.

"ಇದನ್ನ ಒತ್ತಿದ್ರ ಅಲಾರಾಂ ಸ್ವಲ್ಪ ಹೊತ್ತು ಸುಮ್ಮನಿರತೈತ್ರಿ, ಆಮ್ಯಾಲ ಮತ್ತ ಹೊಡೀತೈತಿ," ಎಂದ ದುರಗೇಶ.

"ಎಬ್ಬಸಾಕ ತಂದ ಗಡಿಯಾರಕ್ಕ ಮಲಗಸೂ ಗುಂಡಿ ಯಾಕ?"

"ಎಲ್ಲಾದಕ್ಕೂ ಇರತೈತ್ರಿ ಅಕ್ಕಾರ. ಕಂಪನಿಯವ್ರೂ ಮನಶಾರ ಅಲ್ಲೇನ್ರಿ?"

ಇವರು ಆ ಗುಂಡಿಯನ್ನು ಬೆರಳಿನಿಂದ ಒಮ್ಮೆ ಮೆಲ್ಲಗೆ ಸವರಿದರು. ನಾನು ಕೈ ಸರಿಸಿದೆ. ದುರಗೇಶ ಅಲಾರಾಂ ಹೊಡೆಸಿ ತೋರಿಸಿದ, ಎದುರಿನ ಬಟ್ಟೆಯಂಗಡಿಯವನು ಹೊರಗೆ ಬಂದು ಇಣುಕಿದ. ರೇಡಿಯೋ ಹಚ್ಚಿದ, ಹಳೆಯ ಹಾಡೊಂದು ತೇಲಿ ಬಂತು. ಇವರು ಆಗಲೇ ಗುನುಗತೊಡಗಿದ್ದರು. ಇದೇ ಇರಲಿ ಎಂದೆ.

ಮೊದಲ ರಾತ್ರಿಯೇ ಪರೀಕ್ಷೆ ಇಟ್ಟೆ. ದಿಂಬಿನ ಬಳಿ ಗಡಿಯಾರ ಇಟ್ಟು, ನಾಲ್ಕೂವರೆಗೆ ರೇಡಿಯೋ ಹಚ್ಚಲಿ ಎಂದು ಹೊಂದಿಸಿದೆವು. ಆ ಹೊತ್ತಿಗೆ ಎಚ್ಚರವಾದರೂ ನಾನು ಕಣ್ಣು ಮುಚ್ಚಿಕೊಂಡೇ ಬಿದ್ದಿದ್ದೆ. ಸರಿಯಾದ ಹೊತ್ತಿಗೆ ರೇಡಿಯೋ ಹತ್ತಿತು. ಆದರೆ ಆಕಾಶವಾಣಿಯವರು ನಮಗಿಂತ ತಡವಾಗಿ ಏಳುತ್ತಾರೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಹೋಟೆಲಿನಲ್ಲಿ ನಾವು ರೇಡಿಯೋ ಹಚ್ಚುವುದು ಮೊದಲ ಬಸ್ಸಿನ ಗದ್ದಲ ಮುಗಿದ ಮೇಲಲ್ಲವೇ? ಹಾಡೂ ಇಲ್ಲ, ಮಾತೂ ಇಲ್ಲ. ಚುಂಯ್ ಎನ್ನುವ ಸದ್ದು ಖೋಲಿಯ ತುಂಬ ತುಂಬಿಕೊಂಡಿತು. ಇವರ ಮುಖದಲ್ಲಿ ಒಂದು ಸಮಾಧಾನ ಮೂಡಿತು. "ಎಣ್ಣಿ ಭಾಳ ಕಾದೈತಿ, ಉರಿ ಸಣ್ಣ ಮಾಡು," ಎಂದರು ನಿದ್ದೆಯಲ್ಲೇ. ಮುಂದಿನ ಖೋಲಿಯಲ್ಲಿ ನಾನು ವಡೆ ಬಿಟ್ಟಿದ್ದೇನೆ ಎಂದುಕೊಂಡು, ಮೊದಲಿಗಿಂತ ಹೆಚ್ಚು ಗಾಢವಾಗಿ ನಿದ್ದೆ ಹೋದರು.

ನನಗೆ ಸಿಟ್ಟೂ ಬಂತು, ನಗುವೂ ಬಂತು. ಎಂದಿನಂತೆ ತೋಳು ಹಿಡಿದು ಎಬ್ಬಿಸಿದೆ.

ಮರುದಿನ ರೇಡಿಯೋ ಬಿಟ್ಟು ಪೀಂ ಪೀಂ ಎನ್ನುವ ಅಲಾರಾಂ ಇಟ್ಟೆವು. ಹಿಟ್ಟಿನ ಚೀಲ ಇಳಿಸಲು ನಮ್ಮ ಬಾಗಿಲಿಗೆ ಹಿಂದೆ ಸರಿಯುತ್ತ ಬರುವ ಟೆಂಪೋದ ಸದ್ದೂ ಹೀಗೇ ಇರುತ್ತದೆ. ಇವರು ಕೌದಿಯಿಂದ ಒಂದು ಕೈ ಹೊರಗೆ ತೆಗೆದು ಆಡಿಸುತ್ತ, "ಬರ್ಲಿ, ಬರ್ಲಿ, ಇನ್ನಾ ಬರ್ಲಿ, ಹಾಂ ಸಾಕು" ಎಂದು ಟೆಂಪೋ ನಿಲ್ಲಿಸಿ ಮಲಗಿಬಿಟ್ಟರು.

ಅದರ ಮರುದಿನ ನಾನು ಜ್ವರ ಬಂದು ಗುಳಿಗೆ ನುಂಗಿ ಮಲಗಿದ್ದೆ. ಗಡಿಯಾರವೇ ಗತಿ. ರಾತ್ರಿ ಕರೆಂಟು ಹೋಗಿ ಬಂದಿದೆ. ಒಳಗೆ ಸೆಲ್ಲು ಹಾಕಿಡಬೇಕು ಎಂದು ದುರಗೇಶ ಹೇಳಿದ್ದನ್ನು ಇಬ್ಬರೂ ಮರೆತಿದ್ದೆವು. ಗಡಿಯಾರ ತನ್ನ ಲೆಕ್ಕವನ್ನೆಲ್ಲ ಮರೆತು ಹನ್ನೆರಡು ಗಂಟೆ ಎಂದು ಮಿಣಮಿಣ ಮಿಟುಕಿಸುತ್ತ ಕೂತಿದೆ. ಅಂದು ಮಾತ್ರ ಇವರಿಗೆ ತಾನಾಗಿ ಎಚ್ಚರವಾಯಿತಂತೆ. ಅಂಕಿ ನೋಡಿ, ಇನ್ನೂ ನಡುರಾತ್ರಿ ಎಂದು ಖುಷಿಯಿಂದ ಮತ್ತೆ ಮಲಗಿದರಂತೆ. ಬೆಳಕು ಹರಿದ ಮೇಲೆ ಹೊಳೆವ್ವ ಬಂದು ಬಾಗಿಲು ಬಡಿದಳು.

"ಏಳಯವ್ವಾ ಇಷ್ರತಾ! ಬಸ್ ಹೋಗಿ ಗದಗ ಮುಟ್ಟಿರಬೇಕ. ಮಾಲತೇಶಪ್ಪ ಚಾ ಕೊಟ್ಟು ಕೊಟ್ಟು ಕೈಸೋತು ಕುಂತಾನ!"

ನನ್ನ ಎಂಟು ದಿನ ಅಂದೇ ಮುಗಿದಂತೆ ಅನಿಸಿತು. ಜ್ವರಕ್ಕಿಂತ ಅದೇ ಹೆಚ್ಚು ಸುಟ್ಟಿತು.

ಸೆಲ್ಲು ಹಾಕಿದೆವು. ಆಮೇಲೆ ಇವರು ಆ ಉದ್ದನೆಯ ಗುಂಡಿಯನ್ನು ಕಲಿತುಕೊಂಡರು. ಎಚ್ಚರವಿದ್ದಾಗ ಕೇಳಿದರೆ ಯಾವ ಗುಂಡಿ ಯಾತಕ್ಕೆ ಎಂದು ಹೇಳಲು ಬಾರದು. ನಿದ್ದೆಯಲ್ಲಿ ಬೆರಳು ಸೀದಾ ಅದರ ಮೇಲೆ. ಎತ್ತರದ ಹಲಗೆಯ ಮೇಲಿಟ್ಟೆ. ಎದ್ದು ಹೋಗಿ ಆರಿಸಿ ಬಂದು ಮಲಗಿದರು, ಆಮೇಲೆ ಕೇಳಿದರೆ ಎದ್ದೇ ಇಲ್ಲ ಎಂದು ಆಣೆ ಮಾಡಿದರು.

ಉಳಿದ ಹೊತ್ತಿನಲ್ಲಿ ಮಾತ್ರ ಗಡಿಯಾರ ಬಂಗಾರದಂಥದು, ಸುಳ್ಳೇಕೆ ಹೇಳಲಿ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ನಾನೂ ಹೊಳೆವ್ವನೂ ಹಿಂದಿನ ಖೋಲಿಯಲ್ಲಿ ಕಾಲು ಚಾಚಿ ಅದರ ಹಾಡು ಕೇಳುತ್ತಿದ್ದೆವು. ಹೊಳೆವ್ವನಿಗೆ ರೈತರ ಕಾರ್ಯಕ್ರಮ ಬೇಕು. ಅವಳಿಗೆ ಹೊಲವಿಲ್ಲ, ಆದರೂ ಕಡಲೆಯ ಕೀಡೆಗೆ ಏನು ಹೊಡೆಯಬೇಕೆಂಬುದು ಈಗ ಬಾಯಿಪಾಠ. ರಾತ್ರಿ ನೀರಿಗೆ ಎದ್ದರೆ ಆ ಕೆಂಪು ಬೆಳಕಿನಲ್ಲಿ ತಂಬಿಗೆ ಕಾಣುತ್ತಿತ್ತು. ಬಯ್ಯುತ್ತ ಬಯ್ಯುತ್ತಲೇ ಅದನ್ನು ಹಚ್ಚಿಕೊಂಡೆ.

ಹೊರಡುವ ದಿನ ಬಂದೇ ಬಂತು. ಗಡಿಯಾರ ಒಂದು ದಿನವೂ ಪಾಸಾಗಿರಲಿಲ್ಲ. ಬಸ್ಸಿನ ಕಿಟಕಿಯಿಂದ ನನ್ನ ಚೀಲ ಕೊಡುತ್ತ ಇವರು ಹೇಳಿದರು:

"ಹೋಗ್ ನೀ. ನಾ ಏಳ್ತೀನಿ."

"ಹ್ಯಾಂಗ ಏಳ್ತೀರಿ? ಒಂದ ದಿನಾರ ಎದ್ದೀರೇನು? ನಾ ಬರೂದ್ರಾಗ ಹೋಟೆಲ್ ಮಾಲತೇಶಗ ಬರಕೊಟ್ಟಿರ್ತೀರಿ!"

ಬಸ್ಸಿನವರೆಲ್ಲ ನಮ್ಮ ಕಡೆ ನೋಡಿದರು. ಇವರು ನಕ್ಕು, "ಶಬನಮಗ ನನ್ನ ಸಲಾಂ ಹೇಳು" ಎಂದರು. ಇಳಿದುಬಿಡಲೇ ಎಂದು ಎದ್ದು ನಿಂತೆ ಕೂಡ. ಅಷ್ಟರಲ್ಲಿ ಬಸ್ಸು ಹೊರಟಿತು, ನಾನು ಧೊಪ್ಪೆಂದು ಕೂತೆ.

ನರಗುಂದದಲ್ಲಿ ಮೊದಲ ನಸುಕಿಗೇ ಎಚ್ಚರವಾಯಿತು. ಸುತ್ತಲೂ ನೆಂಟರ ಹೆಣ್ಣುಮಕ್ಕಳು ಸಾಲಾಗಿ ಮಲಗಿದ್ದರು. ಫೋನು ಕೈಗೆತ್ತಿಕೊಂಡೆ. ನಾನೇ ಫೋನು ಮಾಡಿ ಎಬ್ಬಿಸಿದರೆ ನರಗುಂದಕ್ಕೆ ಬಂದೂ ನಾನೇ ಅಲಾರಾಂ ಆದ ಹಾಗೆ. ಮಾಡದಿದ್ದರೆ ಅಲ್ಲಿ ಬಾಗಿಲು ತೆರೆಯುವುದಿಲ್ಲ. ಎಷ್ಟೋ ಹೊತ್ತು ಒದ್ದಾಡಿ, ಕೊನೆಗೆ ಹಟಕ್ಕೆ ಬಿದ್ದು ಫೋನನ್ನು ದೂರ ಇಟ್ಟೆ. ಬೆಳಕು ಹರಿದ ಮೇಲೆ ತಡೆಯಲಾಗದೆ ಹೊಳೆವ್ವನಿಗೆ ಹಚ್ಚಿದೆ.

"ಬಾಗಲಾ ತಗದಾರೇನು?"

"ಇದೇನ್ ಕೇಳ್ತೀಯವ್ವಾ, ನಾ ಬರೂದ್ರಾಗ ಮೊದಲನೇ ಬಾಣಲಿ ಖಾಲಿ ಆಗೈತಿ. ತಡಿ, ಅವರ ಕೈಯಾಗ ಕೊಡ್ತೀನಿ."

ಇವರ ದನಿ ಕೇಳಿಸಿತು. ಹಿಂದೆ ಬಸ್ಸಿನ ಹಾರ್ನು, ಲೋಟಗಳ ಸದ್ದು.

"ಅಲಾರಾಂಗ ಎದ್ರೇನ್ರಿ?" ಎಂದೆ. ನಂಬಿಕೆಯೇ ಬರುತ್ತಿರಲಿಲ್ಲ.

"ಅದು ಹೊಡೀತೋ ಇಲ್ಲೋ ನನಗ ಗೊತ್ತಿಲ್ಲ. ಅದರಕಿಂತ ಮೊದಲ ನಾ ಒಲಿ ಹಚ್ಚಿದ್ದೆ." ಆಮೇಲೆ ದನಿ ತಗ್ಗಿಸಿ ಹೇಳಿದರು: "ನಿದ್ದೀನ ಹತ್ತಲಿಲ್ಲ ಇಷ್ರತಾ. ನೀ ಇದ್ರ ಎಲ್ಲಾ ನೀ ನೋಡ್ಕೊಂತಿ ಅಂತ ಕಣ್ಣು ತಾವ ಮುಚ್ಚತಾವು. ನೀ ಇಲ್ಲದ ಖೋಲ್ಯಾಗ ಒಂದು ಇಲಿ ಓಡ್ಯಾಡಿದ್ರೂ ಎದ್ದು ಕುಂದ್ರತೀನಿ."

ಇಷ್ಟು ವರ್ಷ ಸೋಮಾರಿತನ ಎಂದು ಬೈದು ನೀರು ಚಿಮುಕಿಸಿದ್ದು ನನ್ನ ಮೇಲಿನ ಭರವಸೆಗೆ. ಕಣ್ಣು ತುಂಬಿ ಬಂದವು. ಮರುಗಳಿಗೆಯೇ ಸಿಟ್ಟೂ ಬಂತು. ಹಾಗಾದರೆ ಇವರು ನಿಶ್ಚಿಂತೆಯಿಂದ ಮಲಗಲೆಂದು ನಾನು ಇಷ್ಟು ವರ್ಷ ಅರೆನಿದ್ದೆಯಲ್ಲಿ ಕಳೆದೆನೇ?

"ಹಂಗಾದ್ರ ಎಂಟು ದಿನಾ ಎದ್ದ ಕುಂದರ್ರಿ," ಎಂದೆ ಮೂಗು ಒರೆಸಿಕೊಳ್ಳುತ್ತ. "ನಾ ಲಗೂ ಬರೂದಿಲ್ಲ."

"ಬರಬ್ಯಾಡ. ಚಂದಂಗ ಲಗ್ನಾ ಮಾಡಿ ಬಾ," ಎಂದು ನಕ್ಕರು.

ಎಂಟೂ ದಿನ ಇದ್ದೆ. ಎರಡೂ ಕೈ ತುಂಬ ಮೆಹಂದಿ ಹಾಕಿಸಿಕೊಂಡು, ಅದು ಕಡುಗೆಂಪಾಗುವವರೆಗೂ ಯಾವ ಕೆಲಸವನ್ನೂ ಮುಟ್ಟದೆ ಕೂತೆ. ಬಿಸ್ಮಿಲ್ಲಾ ತುತ್ತು ಮಾಡಿ ಬಾಯಿಗಿಟ್ಟಳು. ಬೆಳಿಗ್ಗೆ ಬಿಸಿಲು ಕಾಲಮೇಲೆ ಬಿದ್ದರೂ ಏಳಲಿಲ್ಲ. ಮನೆಯಲ್ಲಿ ಬೇರೆ ಯಾರೋ ಎದ್ದಿದ್ದಾರೆ, ಒಲೆ ಅವರು ಹಚ್ಚುತ್ತಾರೆ ಎಂದು ಗೊತ್ತಿದ್ದರೆ ನಿದ್ದೆ ಎಷ್ಟು ರುಚಿ ಎಂಬುದು ನನಗೆ ಆಗ ತಿಳಿಯಿತು. ನಮ್ಮವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಊರಿಗೆ ಬಂದ ರಾತ್ರಿ ಊಟ ಮಾಡುವಾಗ ಹೇಳಿದೆ:

"ನಾಳೆ ನಾ ಏಳೂದಿಲ್ರಿ. ಇನ್ನ ಮ್ಯಾಲೆ ವಾರದಾಗ ಅರ್ಧಾ ನಿಮ್ಮದು, ಅರ್ಧಾ ನಂದು. ನಾನೂ ಒಂದೀಟು ನಿಮ್ಮ ಮ್ಯಾಲೆ ಭರೋಸಾ ಇಟ್ಟು ಮಲಗಬೇಕಂತ ಮಾಡೀನಿ."

ಇವರು ಬಾಯಿಗೊಯ್ಯುತ್ತಿದ್ದ ತುತ್ತನ್ನು ಹಾಗೇ ಹಿಡಿದು ನನ್ನನ್ನು ನೋಡಿದರು. ಊಟ ಮುಗಿಸಿ, ಗಡಿಯಾರವನ್ನು ಹಲಗೆಯಿಂದ ಇಳಿಸಿ ತಮ್ಮ ದಿಂಬಿನ ಬಳಿ ಇಟ್ಟುಕೊಂಡರು.

ನಸುಕಿನಲ್ಲಿ ಅದು ಪೀಂ ಎಂದಿತು, ಒಂದೇ ಸಲ. ಎರಡನೆಯದು ಬರುವಷ್ಟರಲ್ಲಿ ಇವರ ಕೈ ಅದರ ಮೇಲಿತ್ತು. ಮುಗಿಯಿತು, ಇನ್ನು ಮಲಗಿದರು ಎಂದುಕೊಂಡೆ. ಇವರು ಎದ್ದು ಕೂತರು. ನನ್ನ ಕಡೆ ಬಾಗಿ, ನಿದ್ದೆ ಕೆಟ್ಟಿತೇನೋ ಎಂದು ಒಂದು ಗಳಿಗೆ ನೋಡಿದರು. ಜಾರಿದ್ದ ಕೌದಿಯನ್ನು ನನ್ನ ಹೆಗಲಿನವರೆಗೆ ಎಳೆದರು. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು, ಬಾಗಿಲು ಕಿರ್ ಎನ್ನದ ಹಾಗೆ ಸರಿಸಿ, ಒಲೆ ಹಚ್ಚಲು ಹೋದರು. ನನಗೆ ಪೂರ್ತಿ ಎಚ್ಚರವಾಗಿತ್ತು. ಆದರೂ ಕಣ್ಣು ತೆರೆಯಲಿಲ್ಲ.