ಟಿಂಚರ್ ದೊಡ್ಡಪ್ಪನ ಪರೀಕ್ಷೆ

ನಮ್ಮ ದೊಡ್ಡಪ್ಪನ ಪ್ರಕಾರ ಮನುಷ್ಯರಿಗೆ ಬರುವ ಕಾಯಿಲೆ ಒಂದೇ. ಅದು ಮೈಯಲ್ಲಿ ಅಯೋಡಿನ್ ಸಾಲದೆ ಬರುವುದು. ಗಂಟಲು ಕೆರೆದರೆ ಕಡ್ಡಿಗೆ ಹತ್ತಿ ಸುತ್ತಿ, ಅಯೋಡಿನ್ ಟಿಂಚರಿನಲ್ಲಿ ಅದ್ದಿ, ಬಾಯಿ ಅಗಲಿಸಿ ಒಳಗೆ ಬಳಿಯುತ್ತಿದ್ದರು. ಹಲ್ಲು ನೋವಾದರೆ ವಸಡಿಗೆ, ಆಣಿಯಾದರೆ ಅಂಗಾಲಿಗೆ. ಕೆಮ್ಮು ಬಂದವರ ಎದೆಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಗೆರೆ ಎಳೆದು ಚದುರಂಗದ ಮನೆ ಬರೆಯುತ್ತಿದ್ದರು. ಉರಿಯುತ್ತದೆ ಎಂದವರಿಗೆ, "ಉರೀಲಿ, ಉರಿದ್ರೇನೇ ಔಷಧಿ," ಎನ್ನುವರು. ಉರಿಯಲಿಲ್ಲ ಎಂದವರಿಗೆ ಇನ್ನೊಂದು ಸಲ ಬಳಿಯುವರು. ಹಿಂದೆ ಒಬ್ಬ ಡಾಕ್ಟರ ಬಳಿ ಕಂಪೌಂಡರ್ ಆಗಿದ್ದೆ ಎಂದು ಹೇಳಿಕೊಳ್ಳುತ್ತಿದ್ದರು. ಅಲ್ಲಿ ಸೀಸೆ ತೊಳೆಯುತ್ತಿದ್ದರು ಎಂದು ಅಮ್ಮ ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದಳು. ಬೀದಿಯವರೆಲ್ಲ ಅವರನ್ನು ಟಿಂಚರ್ ಎಂದೇ ಕರೆಯುತ್ತಿದ್ದರು. ಅವರು ಅದನ್ನು ಬಿರುದು ಎಂದುಕೊಂಡಿದ್ದರು.

ನಮ್ಮದು ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಕೊಡುವ ಅಂಗಡಿ. ಮುಂದಿನ ಕೋಣೆಯಲ್ಲಿ ಅಪ್ಪನ ಇಸ್ತ್ರಿ ಮೇಜು ಮತ್ತು ದೊಡ್ಡಪ್ಪನ ಕುರ್ಚಿ. ಮೇಜು ಕೆಲಸಕ್ಕೆ, ಕುರ್ಚಿ ಯಜಮಾನಿಕೆಗೆ. ಹಿಂದಿನ ಕೋಣೆಯಲ್ಲಿ ಅಮ್ಮನ ಗಂಜಿ ತೊಟ್ಟಿ. ಅವಳು ಬೆಳಗಿನಿಂದ ಸಂಜೆಯವರೆಗೆ ಮೊಣಕೈ ಮುಳುಗುವಷ್ಟು ಗಂಜಿಯಲ್ಲೇ ಇರುತ್ತಿದ್ದಳು. ಏಳನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಕಲೆಯಿರುವ ಬಟ್ಟೆ ಬೇರೆ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಕಾಫಿಯೋ, ತುಕ್ಕೋ, ರಕ್ತವೋ, ಯಾವ ಕಲೆ ಯಾವುದರದ್ದೆಂದು ನೋಡಿದೊಡನೆ ಹೇಳಬಲ್ಲೆ.

ಆ ವರ್ಷ ಅಮ್ಮ ಕರಗತೊಡಗಿದಳು. ಊಟ ಮೊದಲಿಗಿಂತ ಹೆಚ್ಚಾಗಿತ್ತು, ಮೈಯಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ. ಕುತ್ತಿಗೆಯ ಮುಂಭಾಗ ಉಬ್ಬಿತ್ತು. ಎಲ್ಲರೂ ಹೊದ್ದುಕೊಳ್ಳುವ ಚಳಿಯಲ್ಲಿ ಅವಳು ಬೆವರುತ್ತಿದ್ದಳು. ಬೆರಳುಗಳು ನಡುಗುತ್ತಿದ್ದವು. ತಲೆ ಬಾಚುವಾಗ ಅವಳ ಕತ್ತಿನ ನರ ನನ್ನ ಕೈಗೆ ಬಂದು ಬಂದು ಹೊಡೆಯುತ್ತಿತ್ತು.

"ಆಸ್ಪತ್ರೆಗೆ ತೋರಿಸೋಣಪ್ಪಾ," ಎಂದೆ.

ಅಪ್ಪ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ದೊಡ್ಡಪ್ಪನ ಮುಖ ನೋಡಿದ. ಅವನು ತನ್ನ ಹಸಿವನ್ನೂ ಅಣ್ಣನನ್ನು ಕೇಳಿಯೇ ತಿಳಿದುಕೊಳ್ಳುವ ಪೈಕಿ.

"ಆಸ್ಪತ್ರೆ ಯಾಕಮ್ಮ, ಮನೇಲಿ ನಾನು ಸತ್ತಿದೀನಾ?" ಎಂದರು ದೊಡ್ಡಪ್ಪ. "ಕುತ್ತಿಗೆ ಬಾವು ಅಂದ್ರೆ ಅಯೋಡಿನ್ನು. ಸಣ್ಣ ಮಕ್ಕಳಿಗೂ ಗೊತ್ತು."

ಅಂದಿನಿಂದ ಹಾಲಿಗೆ ಐದು ಹನಿ ಟಿಂಚರ್, ಬೆಳಿಗ್ಗೆ ಸಂಜೆ. ಮೂರು ವಾರಕ್ಕೆ ಅಮ್ಮನ ನಡುಕ ಎಷ್ಟಾಯಿತೆಂದರೆ ಲೋಟ ಹಲ್ಲಿಗೆ ತಗುಲಿ ಟಕಟಕ ಸದ್ದು ಮಾಡುತ್ತಿತ್ತು.

"ಔಷಧಿ ಹತ್ತೋ ಮುಂಚೆ ರೋಗ ಹೀಗೇ ಕುಣಿಯತ್ತೆ," ಎಂದರು ಆ ಅಳಲೆಕಾಯಿ ಪಂಡಿತರು. "ಸರಿ, ಅನುಮಾನ ಬೇಡ. ಪರೀಕ್ಷೆ ಮಾಡೇಬಿಡೋಣ."

ಅವರ ಪರೀಕ್ಷೆ ಬೀದಿಗೆಲ್ಲ ಗೊತ್ತಿತ್ತು. ಮುಂಗೈ ಮೇಲೆ ಟಿಂಚರಿನಿಂದ ಒಂದು ಚೌಕ ಬಳಿಯುವುದು. ಮಾರನೆಯ ದಿನಕ್ಕೆ ಅದು ಮಾಸಿದ್ದರೆ, ಮೈ ಅಯೋಡಿನ್ನಿಗೆ ಬಾಯಾರಿ ಅದನ್ನು ಕುಡಿದುಬಿಟ್ಟಿದೆ ಎಂದು ಅರ್ಥ. ಆ ಪರೀಕ್ಷೆಯಲ್ಲಿ ಒಬ್ಬರೂ ಪಾಸಾಗಿರಲಿಲ್ಲ. ಬಳಿದದ್ದು ಯಾರ ಮೈಮೇಲೂ ನಿಲ್ಲುವುದಿಲ್ಲ ಎನ್ನುವುದು ಅಷ್ಟು ದೊಡ್ಡ ತಲೆಗೆ ಹೊಳೆದಿರಲಿಲ್ಲ.

ಶರ್ಟು ಒಯ್ಯಲು ಬಂದಿದ್ದ ಮೇಷ್ಟ್ರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಅಮ್ಮನನ್ನು ಕರೆದರು. ಅವಳು ತೊಟ್ಟಿಯಿಂದ ಕೈ ತೆಗೆದು, ಹಾಗೇ ಒರೆಸಿಕೊಂಡು ಬಂದಳು. ದೊಡ್ಡಪ್ಪ ಕುಂಚ ಎಳೆದರು. ಕಂದು ಬಣ್ಣದ ಚೌಕ ನಮ್ಮ ಕಣ್ಣೆದುರೇ ನೀಲಿಯಾಯಿತು, ಆಮೇಲೆ ಶಾಯಿ ಚೆಲ್ಲಿದಂತೆ ಕಪ್ಪಾಯಿತು.

ದೊಡ್ಡಪ್ಪನ ಕೈಯಿಂದ ಕುಂಚ ಜಾರಿತು.

"ವಿಷ!" ಎಂದರು. "ನೋಡಿದ್ರಾ ಮೇಷ್ಟ್ರೇ? ರಕ್ತದಲ್ಲಿದ್ದ ವಿಷ ಹೊರಗೆ ಬಂತು. ಐದು ಹನಿ ಸಾಲದು. ಹದಿನೈದು ಕೊಡಬೇಕು."

"ಅಬ್ಬಬ್ಬಾ, ಎಂಥಾ ಕಪ್ಪು!" ಎಂದರು ಮೇಷ್ಟ್ರು. ಊರ ಮಕ್ಕಳಿಗೆ ಬುದ್ಧಿ ಹೇಳುವವರು ಅವರು.

ಅಮ್ಮ ತನ್ನ ಕೈಯನ್ನೇ ಹೆದರಿ ನೋಡುತ್ತಿದ್ದಳು. ನನಗೆ ಆ ಕಲೆಯ ಗುರುತಿತ್ತು. ಗಂಜಿ ಹಾಕಿದ ಬಟ್ಟೆಗೆ ಟಿಂಚರ್ ಬಿದ್ದರೆ ಬರುವ ಬಣ್ಣ ಅದು. ಗಾಯಕ್ಕೆ ಟಿಂಚರ್ ಹಚ್ಚಿಕೊಂಡವರ ಎಷ್ಟು ಅಂಗಿತೋಳುಗಳಲ್ಲಿ ಅದನ್ನು ತಿಕ್ಕಿ ತೆಗೆದಿದ್ದೆನೋ. ಕೆಳಗೆ ಬಿದ್ದ ಕುಂಚ ಎತ್ತಿಕೊಂಡು, ಸೀಸೆಯಲ್ಲಿ ಅದ್ದಿ, ದೊಡ್ಡಪ್ಪನ ಗರಿಗರಿ ಶರ್ಟಿನ ಕಾಲರಿಗೆ ಒಂದು ಗೆರೆ ಎಳೆದೆ. ಅದೂ ಕಪ್ಪಾಯಿತು.

"ಏಯ್! ಹುಚ್ಚು ಹಿಡೀತೇನೇ?"

"ಗಂಜಿ ದೊಡ್ಡಪ್ಪಾ. ಅಮ್ಮನ ಕೈಗೆ ಅಂಟಿರೋದು ಗಂಜಿ. ವಿಷ ಅಲ್ಲ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅವರು ಕಾಲರನ್ನು ಜಗ್ಗಿ ನೋಡಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದರು: "ಈ ಶರ್ಟನ್ನ ಹಿಂಡಿದ್ದು ಯಾರ ಕೈ? ನಿಮ್ಮಮ್ಮಂದು. ಅವಳ ವಿಷ ಇದಕ್ಕೂ ಇಳಿದಿದೆ."

ಮೇಷ್ಟ್ರು ತಲೆಯಾಡಿಸಿದರು. ಅಪ್ಪನೂ ಆಡಿಸಿದ. ನನಗೆ ಸಾಕೆನಿಸಿತು. ಕಣ್ಣಿಗೆ ಕಂಡದ್ದನ್ನೂ ನಂಬದ ಗಂಡಸರ ಮುಂದೆ ಇನ್ನೇನು ಬಳಿದು ತೋರಿಸಲಿ?

ಆಗ ಅಮ್ಮ ತಲೆಯೆತ್ತಿದಳು. "ಹೌದಾ ಭಾವ? ಹಾಗಾದ್ರೆ ಶರ್ಟಿಗೆ ಎಷ್ಟು ಹನಿ ಕುಡಿಸ್ತೀರಿ?"

ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದರು. ಅಮ್ಮ ಒಳಗೆ ಹೋಗಿ ಕೈ ತೊಳೆದು ಬಂದಳು. "ನಡಿಯೇ," ಎಂದಳು ನನಗೆ. ಹೊಸಿಲು ದಾಟುವಾಗ ಅಪ್ಪ, "ಅಣ್ಣನ್ನ ಒಂದು ಮಾತು..." ಎಂದು ಶುರುಮಾಡಿದ. "ಕೇಳ್ತಾ ಇರಿ," ಎಂದು ಅಮ್ಮ ಮೆಟ್ಟಿಲಿಳಿದಳು.

ಆಸ್ಪತ್ರೆಯ ಡಾಕ್ಟರಮ್ಮ ಅಮ್ಮನ ಕುತ್ತಿಗೆ ಮುಟ್ಟಿ, ನಾಡಿ ಹಿಡಿದು, ರಕ್ತ ತೆಗೆಸಿದರು. ಹನಿಯ ಸಂಗತಿ ಹೇಳಿದಾಗ ಪೆನ್ನು ಕೆಳಗಿಟ್ಟರು. "ಕುತ್ತಿಗೇಲಿರೋ ಈ ಥೈರಾಯ್ಡ್ ಗ್ರಂಥಿ ಮೊದಲೇ ಹುಚ್ಚು ಕುದುರೆ ಹಾಗೆ ಓಡ್ತಿದೆ. ಅದಕ್ಕೆ ಚಾಟಿ ಬೇರೆ ಕೊಟ್ಟಿದ್ದೀರಿ. ಇನ್ನೊಂದು ತಿಂಗಳು ಬಿಟ್ಟಿದ್ರೆ ಹೃದಯ ಕೈ ಕೊಡ್ತಿತ್ತು. ಯಾರು ಕೊಟ್ಟಿದ್ದು?"

"ನಮ್ಮ ಭಾವ," ಎಂದಳು ಅಮ್ಮ. "ಸೀಸೆ ತೊಳೀತಿದ್ರು."

ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ ನಡುಕ ಇಳಿಯಿತು, ಮೈ ಸ್ವಲ್ಪ ತುಂಬಿತು. ಗ್ರಂಥಿ ತೆಗೆಯಲು ದಿನ ಗೊತ್ತಾಯಿತು. ಆಪರೇಷನ್ನಿಗೆ ಮುಂಚೆ ಹತ್ತೇ ಹತ್ತು ದಿನ ಕುಡಿಯಬೇಕೆಂದು ಡಾಕ್ಟರಮ್ಮ ಒಂದು ಕಂದು ಸೀಸೆ ಬರೆದುಕೊಟ್ಟರು. ಅದರ ಮೇಲಿನ ಹೆಸರು ಓದಿ ನನ್ನ ಮುಖ ಇಳಿಯಿತು. ಅಯೋಡಿನ್!

"ಈಗ ಮಾತ್ರೆ ಆ ಕುದುರೇನ ಕಟ್ಟಿಹಾಕಿದೆ," ಎಂದರು ಅವರು. "ಕಟ್ಟಿದ ಮೇಲೆ ಕೊಟ್ರೆ ಗ್ರಂಥಿ ಗಟ್ಟಿಯಾಗತ್ತೆ, ರಕ್ತ ಕಮ್ಮಿ ಹರಿಯತ್ತೆ. ಕಟ್ಟೋ ಮುಂಚೆ ಕೊಟ್ರೆ ಒದೆಯತ್ತೆ. ಹನ್ನೊಂದನೇ ದಿನ ಕುಡೀಬೇಡಿ."

ಸೀಸೆಯನ್ನು ಬಟ್ಟೆಗಂಟಿನ ಹಿಂದೆ ಬಚ್ಚಿಟ್ಟೆ. ಆದರೆ ಅಯೋಡಿನ್ನಿನ ವಾಸನೆಗೆ ದೊಡ್ಡಪ್ಪನ ಮೂಗು ನಿದ್ದೆಯಲ್ಲೂ ಎಚ್ಚರವಿರುವಂಥದ್ದು. ಮೂರನೆಯ ದಿನಕ್ಕೆ ಸಿಕ್ಕಿಹಾಕಿಕೊಂಡೆವು.

"ನೋಡಿದ್ರಾ!" ಎಂದು ಸೀಸೆ ಎತ್ತಿ ಹಿಡಿದು ಬಾಗಿಲ ಬಳಿಗೆ ಹೋದರು, ಬೀದಿಗೂ ಕಾಣಲಿ ಎಂದು. "ಕೊನೆಗೆ ನನ್ನ ಔಷಧಿಗೇ ಬಂದ್ರು! ಕೊಡಮ್ಮ ಲೋಟ. ಹನಿ ನಾನೇ ಎಣಿಸಿ ಹಾಕ್ತೀನಿ."

ಅಮ್ಮ ಸೀಸೆ ಕಿತ್ತುಕೊಂಡಳು. "ಬೇಡ ಭಾವ. ನಿಮಗೆ ಎಣಿಸೋಕೆ ಬರತ್ತೆ. ನಿಲ್ಲಿಸೋಕೆ ಬರಲ್ಲ."

ಆಪರೇಷನ್ ದಿನ ಅವರೂ ಆಸ್ಪತ್ರೆಗೆ ಬಂದರು. ಹೊರಗಿನ ಬೆಂಚಿನಲ್ಲಿ ಕುಳಿತು, ಒಳಗೆ ನಡೆಯುತ್ತಿರುವುದೆಲ್ಲ ತಮ್ಮ ಚಿಕಿತ್ಸೆಯ ಮುಂದುವರಿಕೆ ಎಂದು ಪಕ್ಕದವರಿಗೆ ವಿವರಿಸಿದರು. ಅಪ್ಪ ಒಮ್ಮೆ ಬಾಯಿ ತೆರೆದ. ಏನೋ ಹೇಳಿಯೇಬಿಡುತ್ತಾನೆ ಎಂದುಕೊಂಡೆ, ಆಕಳಿಸಿದ. ಮಧ್ಯಾಹ್ನ ನರ್ಸ್ ಬಂದು, ಅಮ್ಮನಿಗೆ ಎಚ್ಚರವಾಗಿದೆ, ಮಗಳನ್ನು ಕೇಳುತ್ತಿದ್ದಾಳೆ ಎಂದಳು. ನಾನು ಎದ್ದೆ. ದೊಡ್ಡಪ್ಪನಿಗೆ ಕೇಳಿಸಲಿಲ್ಲ. ಅವರು ಯಾವನೋ ಕೆಮ್ಮುವವನ ಗಲ್ಲ ಹಿಡಿದು, ಬೆಳಕಿನ ಕಡೆಗೆ ತಿರುಗಿಸಿ, "ಆ ಅನ್ನಿ," ಎನ್ನುತ್ತಿದ್ದರು. ಅವನು ಆ ಎಂದ.