ಒಂದು ಬೆರಳಿನ ಸಂದು

ದಡ್ ಅನ್ನಬೇಕಿತ್ತು, ಅನ್ನಲಿಲ್ಲವಲ್ಲ — ಬಚ್ಚಲಲ್ಲಿ ಬಟ್ಟೆಗೆ ಸೋಪು ಉಜ್ಜುತ್ತಿದ್ದವಳ ಕೈ ಅಲ್ಲೇ ನಿಂತಿತು, ದಿನಾ ಮೊದಲು ಬಾನೆಟ್ಟು ಮುಚ್ಚುವ ಸದ್ದು, ಆಮೇಲೆ ಇಂಜಿನ್ನು, ಇವತ್ತು ನೇರ ಇಂಜಿನ್ನೇ, ಗಂಡನ ಸ್ಕೂಲ್ ವ್ಯಾನು ಗೇಟು ದಾಟಿಯೂ ಹೋಯಿತು, ಹಾಗಾದರೆ ಆಯಿಲ್ ನೋಡಲಿಲ್ಲ, ನೀರು ನೋಡಲಿಲ್ಲ, ಜ್ವರ ಬಂದಾಗಲೂ ಬಿಟ್ಟ ಮನುಷ್ಯನಲ್ಲ, ಪರೀಕ್ಷೆ ಇದೆ ಬೇಗ ಬನ್ನಿ ಅಂತ ಯಾವುದೋ ಮಗುವಿನ ತಾಯಿ ಫೋನ್ ಮಾಡಿದ್ದು ಕೇಳಿಸಿತ್ತು, ಒಂದಿನ ಬಿಟ್ಟರೇನು ಅಂದುಕೊಂಡಿರಬೇಕು — ಅಯ್ಯೋ, ಇವತ್ತೇ ಬಿಡಬೇಕಾ, ಬಾನೆಟ್ಟಿನ ಬಾಯಲ್ಲಿ ಒಂದು ಬೆರಳು ತೂರುವಷ್ಟು ಸಂದು ಹಾಗೇ ಇದೆಯಲ್ಲ, ಬೆಳಗಿನ ಜಾವ ಇವಳೇ ಎಬ್ಬಿಸಿಟ್ಟ ಸಂದು, ಸೋಪಿನ ಕೈಯಲ್ಲೇ ಫೋನ್ ಹಚ್ಚಿದರೆ ಅವರ ಫೋನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಬಡಕೊಳ್ಳುತ್ತಿದೆ, ಮರೆತು ಹೋಗಿದ್ದಾರೆ. ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಓಡುವ ವಯಸ್ಸಾ ಇದು, ಒಂದು ಚಪ್ಪಲಿ ಇವಳದು, ಇನ್ನೊಂದು ಅವರದು, ನೋಡಿದವರು ನೋಡಲಿ, ಏನಕ್ಕಾ ಅಂತಾನೆ ಇಸ್ತ್ರಿಯವನು, ಏನಿಲ್ಲ ಅನ್ನಲೂ ಉಸಿರಿಲ್ಲ, ಯಾರು ಹೇಳಿದ್ದರು ಇವಳಿಗೆ ಈ ಉಸಾಬರಿ — ಮಳೆಗಾಲ ಮುಗಿಯುತ್ತಲೇ ಬಾನೆಟ್ಟು ಬಿಗಿದುಕೊಂಡಿತು, ಸ್ಟೇರಿಂಗ್ ಕೆಳಗಿನ ಹಿಡಿ ಎಳೆದರೆ ಮುಂದೆ ಟಕ್ ಅಂತ ಏಳಬೇಕು, ಏಳುವುದಿಲ್ಲ, ತುಕ್ಕು ಹಿಡಿದಿದೆ, ಗಾಡಿ ಬಿಟ್ಟು ಹೋಗಿ, ಕೊಂಡಿ ಬದಲಾಯಿಸೋಣ ಅಂದ ಮೆಕ್ಯಾನಿಕ್, ಮಕ್ಕಳನ್ನ ಯಾರು ಕರ್ಕೊಂಡು ಹೋಗ್ತಾರೆ, ನಿಮ್ಮಪ್ಪನಾ ಅಂತ ಇವರು ನಕ್ಕರು. ಆಗೆಲ್ಲ ಇವಳನ್ನೇ ಕರೆಯುತ್ತಿದ್ದರು, ಬಾರೇ, ಸ್ವಲ್ಪ ಒತ್ತು, ಇವಳು ಎರಡೂ ಅಂಗೈ ಊರಿ ಮೇಲಿಂದ ಅದುಮುವುದು, ಅವರು ಒಳಗಿಂದ ಎಳೆಯುವುದು, ಟಕ್, ಇಬ್ಬರಿಗೂ ಏನೋ ಗೆದ್ದ ಖುಷಿ. ಆಮೇಲೆ ಅವರು ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು, ಪಟ್ಟಿ ಬಿಚ್ಚಿದರೂ ಬೆರಳಿಗೆ ಹಿಡಿತ ಬರಲಿಲ್ಲ, ಗಾಡಿ ಸದ್ಯಕ್ಕೆ ಬೇಡ ಅಂದ ಡಾಕ್ಟರ ಮಾತನ್ನು ಗಂಡ ಹೆಂಡತಿ ಸೇರಿಯೇ ಮರೆತರು, ಇವಳನ್ನು ಕರೆಯುವುದು ಮಾತ್ರ ನಿಂತಿತು. ಒಂದು ಬೆಳಿಗ್ಗೆ ಕಿಟಕಿಯಿಂದ ಕಂಡರು — ವ್ಯಾನಿನ ಬಾಗಿಲ ಬಳಿ ಮಂಡಿಯೂರಿ ಎರಡೂ ಕೈಯಲ್ಲಿ ಆ ಹಿಡಿ ಜಗ್ಗುತ್ತಿದ್ದಾರೆ, ಬರುತ್ತಿಲ್ಲ, ತೋಳಿನಿಂದ ಕಣ್ಣೊರೆಸಿಕೊಂಡರು, ಮಾರನೇ ದಿನದಿಂದ ಇವಳು, ಅವರು ಏಳುವ ಮೊದಲೇ ನೀರು ತುಂಬಿದ ಕ್ಯಾನು ಬಾನೆಟ್ಟಿನ ಮೇಲೆ ಹೇರಿ ತಾನೇ ಎಳೆದು, ಟಕ್, ಕ್ಯಾನು ಇಳಿಸಿ ಬಂದು ಏನೂ ಗೊತ್ತಿಲ್ಲದವಳ ಹಾಗೆ ಮಲಗುವುದು. ನೋಡಿದ್ಯಾ, ನಾನು ಹಾಕಿದ ಎಣ್ಣೆ ಕೆಲಸ ಮಾಡ್ತು ಅಂತ ಮೀಸೆ ತಿರುವಿದರು, ಎಷ್ಟು ದಿನದ ಮೇಲೆ ನೋಡಿದ ನಗು ಅದು, ನಿಮ್ಮ ಕೈಗುಣ ಬಿಡಿ ಅಂದಳು, ಹೇಗೂ ಎಲ್ಲ ನೋಡಿ ಮುಗಿಸಿ ಅವರೇ ದಡ್ ಅಂತ ಮುಚ್ಚುತ್ತಾರಲ್ಲ ಅನ್ನೋ ಧೈರ್ಯ.

ಇವತ್ತು ಮುಚ್ಚಿಲ್ಲ, ಒಳಗಿನ ಸಣ್ಣ ಕೊಕ್ಕೆಯೊಂದೇ ಹಿಡಿದಿದೆ, ಮುಂದೆ ಮೇಲ್ಸೇತುವೆ, ಅಲ್ಲಿ ಅವರು ಜೋರು ಬಿಡುತ್ತಾರೆ, ಗಾಳಿ ನುಗ್ಗಿ ಕೊಕ್ಕೆ ಬಿಟ್ಟು ಬಾನೆಟ್ಟು ಗಾಜಿಗೆ ಬಡಿದರೆ, ಕಣ್ಣ ಮುಂದೆ ಬರೀ ತಗಡು, ಬೆನ್ನ ಹಿಂದೆ ಅಷ್ಟು ಮಕ್ಕಳು, ಆ ಕೈ — ಮೊದಲ ಮನೆ ಟೈಲರ್ ಮಗಳದು, ದಿನಾ ಅವಳಿಗೆ ಒಂದು ಷೂ ಸಿಗುವುದಿಲ್ಲ, ಎಷ್ಟು ಗೊಣಗುತ್ತಿದ್ದರು ಇವರು, ಸಿಗದಿರಲಿ ದೇವರೇ, ಇವತ್ತೂ ಸಿಗದಿರಲಿ — ತಿರುವು ದಾಟಿದರೆ ವ್ಯಾನು ನಿಂತಿದೆ, ಹುಡುಗಿ ಒಂದೇ ಷೂ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದೆ, ಒಳಗೆ ತಾಯಿ ಕೂಗಾಡುತ್ತಿದ್ದಾಳೆ, ಬದುಕಿದೆ ಅನ್ನುವಷ್ಟರಲ್ಲಿ ಅವರು ಕಂಡರು, ಸುಮ್ಮನೆ ಕಾಯಲಾರದ ಮನುಷ್ಯ, ಈಗಲಾದರೂ ನೀರು ನೋಡಿಬಿಡೋಣ ಅಂತ ಇಳಿದಿದ್ದಾರೆ, ಹಿಡಿ ಎಳೆಯುವ ಮೊದಲೇ ಕಣ್ಣಿಗೆ ಬಿದ್ದಿದೆ, ಧೂಳಿನಲ್ಲಿ ಕ್ಯಾನಿನ ದುಂಡು ಗುರುತು, ಅದರ ಕೆಳಗೆ ಸಂದು. ಇವಳ ಸೋಪಿನ ಕೈ ನೋಡಿದರು, ಕಾಲಲ್ಲಿದ್ದ ತಮ್ಮ ಚಪ್ಪಲಿ ನೋಡಿದರು.

ಹಾಗಾದ್ರೆ ಎಣ್ಣೆ ಅಲ್ಲ, ಅಂದು ಬೆರಳನ್ನು ಆ ಸಂದಿಗೆ ತೂರಿಸಿದರು.

ಬೈಯಬಾರದಿತ್ತಾ, ಬೈದಿದ್ದರೆ ಇವಳೂ ನಾಲ್ಕು ಮಾತು ಆಡಿಬಿಡುತ್ತಿದ್ದಳು, ಡಾಕ್ಟರ ಮಾತೂ ಬಂದುಬಿಡುತ್ತಿತ್ತು, ಹತ್ತಿರ ಹೋಗಿ ಹಳೆಯ ಹಾಗೆ ಎರಡೂ ಅಂಗೈ ಊರಿದಳು, ಬೆರಳು ತೆಗೀರಿ, ಒತ್ತುತೀನಿ — ತೆಗೆಯುತ್ತಿಲ್ಲ, ಒಳಗೆ ಕೊಕ್ಕೆಯನ್ನು ಹುಡುಕುತ್ತಿದೆ ಅದು, ಸಿಕ್ಕಿದೆ, ಎತ್ತಲು ನೋಡುತ್ತಿದೆ, ಜಾರುತ್ತಿದೆ, ಪರೀಕ್ಷೆಗೆ ಹೊತ್ತಾಗುತ್ತೆ, ತೆಗೀರಿ ಅಂದರೂ ಕೇಳುತ್ತಿಲ್ಲ, ಇವಳ ಅಂಗೈ ಹಾಗೇ ಇದೆ, ಒತ್ತುವ ಹಾಗಿಲ್ಲ, ಸಂದಿನಲ್ಲಿ ಅವರ ಬೆರಳು ಇನ್ನೂ ಇದೆ.