ಹೆಗಲ ಮೇಲಿನ ಕೂಸು

"ಕೂಸಿನ ಕೈ ಹಿಂಗ ಜೋತುಬೀಳ್ತಾವೇನ್ರೀ ಪೇಂಟರ್?" ಎಂದು ಅಂಗನವಾಡಿಯ ಕುಸುಮಬಾಯಿ ನಕ್ಕಳು.

ಉಮಾಕಾಂತ ಬ್ರಶ್ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಮಹಾರಾಷ್ಟ್ರದ ಗಡಿಯೂರು ವಲಾಂಡಿಯ ಅಂಗನವಾಡಿ ಗೋಡೆಯ ಮೇಲೆ ಮರಾಠಿಯಲ್ಲಿ ‘ಅಪ್ಪನ ಮಮತೆ’ ಎಂದು ಬರೆದಾಗಿತ್ತು. ಅದರ ಕೆಳಗೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ. ಅಪ್ಪನ ಮೀಸೆ ಚೆನ್ನಾಗಿಯೇ ಬಂದಿತ್ತು. ಮಗುವಿನ ಕೈಗಳು ಮಾತ್ರ ಒಣಹಾಕಿದ ಅಂಗಿಯ ತೋಳುಗಳಂತೆ ಜೋಲುತ್ತಿದ್ದವು.

"ಮತ್ತ ಎಲ್ಲಿ ಇಡ್ತಾವ್ರೀ ಬಾಯಿ?"

"ಅಯ್ಯ, ಕೂದಲಾ ಹಿಡೀತಾವ, ಕಿವೀ ಜಗ್ಗತಾವ. ಮನ್ಯಾಗ ಮೂರು ವರ್ಷದ ಮಗಳಿಟ್ಟುಕೊಂಡು ನನಗ ಕೇಳ್ತೀರಲ್ಲ! ಒಮ್ಮೆರೆ ಎತ್ತಿಲ್ಲೇನು?"

ಉಮಾಕಾಂತ ಬ್ರಶ್ಶನ್ನು ಬಣ್ಣದ ಡಬ್ಬಿಗೆ ಅದ್ದಿದ. ಎತ್ತಿದ್ದರಲ್ಲವೇ ಹೇಳಲು! ಹಿರಿಯರ ಮುಂದೆ ಗಂಡಸು ತನ್ನ ಮಗುವನ್ನು ಮುದ್ದಿಸಬಾರದೆಂಬುದು ಅವರ ಮನೆಯ ಮರ್ಯಾದೆ. ಅಪ್ಪ ಮಲ್ಲಣ್ಣನೋ, ಕುರಿ ಹಿಂದೆ ಹೋಗುವುದನ್ನು ಬಿಟ್ಟ ಮೇಲೆ ಅಂಗಳದಿಂದ ಕದಲುವವನಲ್ಲ. ಹೀಗಾಗಿ ಮಗಳು ಯೋಗಿತಾ ಅಜ್ಜನ ಮಡಿಲಲ್ಲೇ ಬೆಳೆದಳು. ಬಾಗಿಲಿಗೆ ಬಂದವರೆಲ್ಲ "ಪೇಂಟರ್" ಎಂದು ಕೂಗುವುದನ್ನು ಕೇಳಿ ಕೇಳಿ ಅವಳೂ ಅಪ್ಪನನ್ನು ಹಾಗೆಯೇ ಕರೆಯುತ್ತಿದ್ದಳು. ಮನೆಮಂದಿ ನಗುತ್ತಿದ್ದರು. ಉಮಾಕಾಂತನೂ ನಗುತ್ತಿದ್ದ, ಹಾಳಾದ ನಗು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ. ಮಲ್ಲಣ್ಣ ಬೇವಿನ ನೆರಳಲ್ಲಿ ಉಣ್ಣೆ ನೂಲುತ್ತಿದ್ದ. ಪಕ್ಕದಲ್ಲಿ ಯೋಗಿತಾ ಮಣ್ಣಾಡುತ್ತಿದ್ದಳು. ಉಮಾಕಾಂತನ ಎದೆ ಕಳ್ಳನ ಎದೆಯಂತೆ ಹೊಡೆದುಕೊಂಡಿತು. ಸ್ವಂತ ಮಗಳನ್ನು ಎತ್ತಿಕೊಳ್ಳಲು ಇಷ್ಟು ಧೈರ್ಯ ಬೇಕೆ? ಬಗ್ಗಿ, ಅವಳ ಕಂಕುಳಿಗೆ ಕೈಹಾಕಿ, ಒಮ್ಮೆಲೇ ಹೆಗಲಿಗೇರಿಸಿಕೊಂಡ. ಇಷ್ಟೊಂದು ಹಗುರವಿದ್ದಾಳಲ್ಲ ಎನಿಸಿತು.

"ಏ, ಮೈಮ್ಯಾಲ ಖಬರ್ ಐತಿಲ್ಲೋ?" ಮಲ್ಲಣ್ಣ ಗದರಿದ. "ಹಿರ್ಯಾ ಕುಂತಾನ ಇಲ್ಲಿ, ಕಾಣಂಗಿಲ್ಲೇನು?"

"ನನ್ನ ಮಗಳು ಅದಾಳ ಎಪ್ಪಾ. ಒಂದು ಘಳಿಗಿ ಎತಗೋತೀನಿ."

ಹೆಂಡತಿ ಜಗದೇವಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಮಾವ ಇದ್ದಾನೆಂಬುದನ್ನೂ ಮರೆತು ಅವಳ ಮುಖ ಅರಳಿತ್ತು.

"ಹಿಡಕೋ ನನ್ನವ್ವಾ, ನನ್ನ ಕೂದಲಾ ಗಟ್ಟ್ಯಾಗಿ ಹಿಡಕೋ," ಎಂದ ಉಮಾಕಾಂತ.

ಯೋಗಿತಾ ಹಿಡಿಯಲಿಲ್ಲ. ಎರಡೂ ಕೈಗಳನ್ನು ಮಲ್ಲಣ್ಣನ ಕಡೆಗೆ ಚಾಚಿ ಚಿಟ್ಟನೆ ಚೀರಿದಳು.

"ಅಜ್ಜಾ! ಪೇಂಟರ್ ನನಗ ಒಯ್ಲಾಕತ್ಯಾನ! ಅಜ್ಜಾ!"

ಉಮಾಕಾಂತ ಅವಳನ್ನು ಇಳಿಸಿದ. ಅವಳು ಓಡಿಹೋಗಿ ಅಜ್ಜನ ಕಂಬಳಿಯೊಳಗೆ ಮುಖ ಹುದುಗಿಸಿದಳು. ಮಲ್ಲಣ್ಣನ ಸಿಟ್ಟೆಲ್ಲ ಇಳಿದುಹೋಗಿತ್ತು. ಮಗನ ಮುಖ ನೋಡಲಾರದೆ ಅವನು ಮೊಮ್ಮಗಳ ಬೆನ್ನು ಸವರತೊಡಗಿದ.

"ಅಳಬ್ಯಾಡ ನನ್ನವ್ವಾ," ಎಂದ ಮೆಲ್ಲಗೆ. "ಪೇಂಟರ್ ಈಗ ಹೋಗ್ತಾನ."

ಉಮಾಕಾಂತ ಊಟ ಮಾಡದೆ ಚಪ್ಪಲಿ ಮೆಟ್ಟಿಕೊಂಡ.